ಹಕ್ಕಿಗೆ ಕಟ್ಟಿದ ಸಿವುಡು

ದೊರೆಸಾನಿಯವರ ಮೂಗಿನ ತೊಗಲು ವರ್ಷವಿಡೀ ಉಳ್ಳಾಗಡ್ಡಿಯ ಸಿಪ್ಪೆಯಂತೆ ಸುಲಿಯುತ್ತಿತ್ತು. ಈ ಒಂದು ಸಾಲು ಬರೆದು, ಕಾಗದ ಮಡಚಿಟ್ಟು ಎದ್ದದ್ದು ಎಷ್ಟು ಸಲವೋ. ಮೊದಲು ದೊಡ್ಡಪ್ಪ ಇನ್ನೂ ಬದುಕಿದ್ದಾನೆ ಎಂದು ಮುಂದೆ ಬರೆಯಲಿಲ್ಲ. ಅವನು ಸತ್ತ ಮೇಲೆ ಮಕ್ಕಳ ಮದುವೆಗಳು ಮುಗಿಯಲಿ ಎಂದೆ. ಆಮೇಲೆ ಕಣ್ಣಿಗೆ ಪೊರೆ ಬಂತು. ಪೊರೆ ತೆಗೆಸಿ ಆರು ವರ್ಷವಾಯಿತು. ನೆಪಗಳು ಮುಗಿದವು, ನಾನಿನ್ನೂ ಮುಗಿದಿಲ್ಲ.

ಈಗ ಬರೆಯಲು ಕೂತದ್ದು ಸಿಟ್ಟಿನಿಂದ. ಹೋದ ತಿಂಗಳು ನಮ್ಮೂರಿನ ಹೊಸ ಆಸ್ಪತ್ರೆಯ ಮುಂದೆ ಪೆಂಡಾಲು ಹಾಕಿ ಸಭೆ ಮಾಡಿದರು. ನನ್ನನ್ನು ಹಿಡಿದುಕೊಂಡು ಹೋಗಿ ಮುಂದಿನ ಕುರ್ಚಿಯಲ್ಲಿ ಕೂಡಿಸಿದರು. ಈ ಊರಿಗೆ ಮೊದಲು ಔಷಧ ತಂದ ದೊರೆಸಾನಿಗೆ ಕನ್ನಡ ಕಲಿಸಿದ ಹಿರಿಯರು ಎಂದು ಹೇಳಿ ಶಾಲು ಹೊದಿಸಿದರು. ದೊಡ್ಡಪ್ಪನ ಮೊಮ್ಮಗ ಮೈಕಿನ ಮುಂದೆ ನಿಂತು, "ನಮ್ಮ ಹಿರ್ಯಾರು ಆ ತಾಯೀನ ತಲಿ ಮ್ಯಾಲೆ ಹೊತ್ಕೊಂಡು ಮೆರೆಸಿದ್ರು. ಆಕಿ ಊರು ಬಿಟ್ಟು ಹೋಗುವಾಗ ಊರಿಗೂರ ಅತ್ತಿತ್ತು" ಎಂದ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಊರು ಅಳಲಿಲ್ಲ. ಅವರು ಹೋದ ದಿನ ಎರಡು ಚಕ್ಕಡಿಗಳ ಹಿಂದೆ ಒಂದು ನಾಯಿ ಬೊಗಳುತ್ತ ಹಳ್ಳದವರೆಗೆ ಹೋಯಿತು, ಅಷ್ಟೆ. ಬಾಗಿಲುಗಳೆಲ್ಲ ಮುಚ್ಚಿದ್ದವು. ಊರು ಅವರನ್ನು ಓಡಿಸಿತು. ಓಡಿಸುವುದಕ್ಕೆ ಬೇಕಾದ ಸುಳ್ಳನ್ನು ಒದಗಿಸಿದವನು ಆ ಪೆಂಡಾಲಿನಲ್ಲಿ ಶಾಲು ಹೊದ್ದು, ಕೊಟ್ಟ ಬಾಳೆಹಣ್ಣು ಸುಲಿದು ತಿನ್ನುತ್ತಿದ್ದ.

ನಮ್ಮದು ಯಲಬುರ್ಗಾ ತಾಲೂಕಿನ ಎರೆಹೊಲಗಳ ಊರು. ನಿಜಾಮರ ಆಳಿಕೆ, ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ಗುಲ್ಬರ್ಗಾದಲ್ಲಿ ಮೆಟ್ರಿಕ್ ಮುಗಿಸಿ ಬಂದ ನನಗೆ ಆಗ ಇಪ್ಪತ್ತೆರಡು. ಉರ್ದು, ಕನ್ನಡ ಎರಡನ್ನೂ ಬರೆಯಬಲ್ಲವನು ಊರಿನಲ್ಲಿ ನಾನೊಬ್ಬನೇ ಇದ್ದೆ. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಊರ ಗೌಡ ನನ್ನ ತಂದೆಯ ಅಣ್ಣ, ನನ್ನ ದೊಡ್ಡಪ್ಪ. ಅದೂ ಒಂದು ಸೊಕ್ಕು.

ದೊರೆಸಾನಿ ನಾರ್ವೆ ದೇಶದವರು. ನರ್ಸು. ಯಾವುದೋ ಮಿಶನ್ನಿನವರ ಜೊತೆ ಹಿಂದೂಸ್ತಾನಕ್ಕೆ ಬಂದು, ಅವರೊಂದಿಗೆ ಜಗಳಾಡಿ, ಒಬ್ಬರೇ ನಮ್ಮೂರಿನ ಹಳೆಯ ಮುಸಾಫಿರಖಾನೆಯನ್ನು ಹಿಡಿದು ದವಾಖಾನೆ ಮಾಡಿಕೊಂಡಿದ್ದರು. ಐವತ್ತರ ಹತ್ತಿರದ ವಯಸ್ಸು. ಎತ್ತರದ ಆಳು. ಆ ಕಟ್ಟಡದ ಬಾಗಿಲುಗಳು ಗಿಡ್ಡ. ದಿನಕ್ಕೊಮ್ಮೆಯಾದರೂ ಹಣೆ ಬಡಿದುಕೊಂಡು ತಮ್ಮ ಭಾಷೆಯಲ್ಲಿ ಬಾಗಿಲನ್ನು ಬೈಯುತ್ತಿದ್ದರು. ರೆಪ್ಪೆಯ ಕೂದಲು ಬಿಳಿ, ಕಣ್ಣು ನೀಲಿ, ಕಾಲಲ್ಲಿ ನಮ್ಮೂರಿನ ಸಮಗಾರ ಹೊಲಿದ ಗಂಡಸರ ಎಕ್ಕಡ. ಯಾರೇ ಹೊಸ್ತಿಲು ದಾಟಲಿ, ಮೊದಲ ಮಾತು, "ಕೈ ತೊಳೆದಿರಾ?" ದೊಡ್ಡಪ್ಪನನ್ನೂ ಹಾಗೆಯೇ ಕೇಳಿದ್ದರು. ಅವನು ನಕ್ಕು ತೊಳೆದಿದ್ದ.

ಅವರು ಸಾಧ್ವಿಯೇನಲ್ಲ. ಸಭೆಯಲ್ಲಿ ಹಾಗೆ ಹೇಳಿದ್ದರಿಂದ ಇದನ್ನೂ ಬರೆಯುತ್ತೇನೆ. ಬಾಯಿ ಕೆಟ್ಟದ್ದು. ಔಷಧಿಯನ್ನು ಹೇಳಿದ ಹೊತ್ತಿಗೆ ಕುಡಿಯದವರ ಮೇಲೆ ಕೂಗಾಡುತ್ತಿದ್ದರು, ಹಸುಗೂಸಿನ ಬಾಯಿಗೆ ಬೂದಿ ಸವರಿದ ಒಬ್ಬ ಅಜ್ಜಿಯ ಕೈಗೆ ಹೊಡೆದೇ ಬಿಟ್ಟಿದ್ದರು. ದಿನಾ ಬೆಳಿಗ್ಗೆ ಅಂಗಳಕ್ಕೆ ಬಂದು ಆಕಾಶ ನೋಡಿ ಒಂದು ಪುಸ್ತಕದಲ್ಲಿ ಹವೆ ಹೇಗಿದೆ ಎಂದು ಬರೆದಿಡುತ್ತಿದ್ದರು. "ಇಲ್ಲಿ ದಿನಾ ಬಿಸಿಲರಿ, ಏನ್ ಬರೀತೀರಿ?" ಎಂದು ಕೇಳಿದರೆ, "ಬಿಸಿಲು ಎಂದು ಬರೆಯುತ್ತೇನೆ" ಎನ್ನುತ್ತಿದ್ದರು. ದವಾಖಾನೆಯ ಲೆಕ್ಕ, ಟಪಾಲು ನೋಡಲು ಅವರು ನನ್ನನ್ನು ಮುನ್ಶಿಯೆಂದು ಇಟ್ಟುಕೊಂಡಿದ್ದರು. ನಾನು ಅವರಿಗೆ ಶಾಲೆಯ ಪುಸ್ತಕ ಇಟ್ಟುಕೊಂಡು ಕನ್ನಡ ಕಲಿಸಿದೆ, ಅದಕ್ಕೆ ಊರಿನವರಿಗೆ ನಾನು ಮಾಸ್ತರ. ಅವರ ಜೊತೆ ಕೆಲಸ ಮಾಡುತ್ತಿದ್ದ ಸೂಲಗಿತ್ತಿ ತನ್ನ ಕನ್ನಡವನ್ನು ಕಲಿಸಿದಳು. ಎರಡೂ ಕೂಡಿ ಅವರ ಬಾಯಲ್ಲಿ ವಿಚಿತ್ರವಾಗಿ ಬರುತ್ತಿತ್ತು. "ಮುನ್ಶಿಗಳೇ, ತಾವು ದಯವಿಟ್ಟು ಸುಮ್ಮಕ ಕೂಡ್ರಿ."

ಸೂಲಗಿತ್ತಿ ಊರ ಹೊರಗಿನ ಕೇರಿಯವಳು. ಗಂಡನಿಲ್ಲ, ಮೂರು ಮಕ್ಕಳು. ಊರಿನ ಬಸುರಿಯರಿಗೆಲ್ಲ ಅವಳೇ ಹೆರಿಗೆ ಮಾಡಿಸುತ್ತಿದ್ದಳು. ನಾನು ಹುಟ್ಟಿದಾಗ ಅವಳಿನ್ನೂ ಚಿಕ್ಕ ಪ್ರಾಯದ ಹೆಂಗಸು. ನನ್ನನ್ನು ಈ ಲೋಕಕ್ಕೆ ಎಳೆದು ತಂದವಳೂ ಅವಳೇ ಎಂದು ಅವ್ವ ಹೇಳುತ್ತಿದ್ದಳು, ಹೇಳಿ ಮುಖ ಕಿವುಚುತ್ತಿದ್ದಳು. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಯಾರೂ ಕೂಲಿ ಕೊಡುತ್ತಿರಲಿಲ್ಲ. ರಾಶಿಯ ದಿನ ಕಣದ ಅಂಚಿನಲ್ಲಿ ನಿಂತರೆ ಮನೆಗೊಂದಿಷ್ಟು ಜೋಳ ಅವಳ ಸೆರಗಿಗೆ ಬೀಳುತ್ತಿತ್ತು. ಅದಕ್ಕೆ ಆಯ ಎನ್ನುತ್ತಿದ್ದರು. ಅದೇ ವರ್ಷದ ಅನ್ನ. ದೊರೆಸಾನಿ ಬಂದ ಮೇಲೆ ಅವಳ ಉಗುರು ಕತ್ತರಿಸಿ, ಕೈಗೆ ಸಾಬೂನು ಕೊಟ್ಟು, ತಮ್ಮ ಜೊತೆಗೆ ಇಟ್ಟುಕೊಂಡರು. ಇಬ್ಬರೂ ಒಂದೇ ಜಗುಲಿಯ ಮೇಲೆ ಕೂತು ಹುರಿಗಡಲೆ ತಿನ್ನುತ್ತ ನಗುವುದನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಮಾಗಿಯ ಚಳಿ ಶುರುವಾದರೆ ದೊರೆಸಾನಿ ಬೇರೆ ಮನುಷ್ಯರಾಗುತ್ತಿದ್ದರು. ಚಳಿ ನಮಗೆ. ಅವರಿಗೆ ಅದು ಚಳಿಯೇ ಅಲ್ಲ. ಆದರೂ ಡಿಸೆಂಬರ್ ಹುಟ್ಟಿದ ದಿನ ಪೆಟ್ಟಿಗೆಯಿಂದ ಬೂದು ಬಣ್ಣದ ಉಣ್ಣೆಯ ಅಂಗಿ ತೆಗೆದು ತೊಟ್ಟುಕೊಂಡು, ಕುತ್ತಿಗೆಯಲ್ಲಿ ಬೆವರು ಹರಿಯುತ್ತಿದ್ದರೂ ತೆಗೆಯುತ್ತಿರಲಿಲ್ಲ. ಕಿಟಕಿಯ ಮೇಲೆ ನಾಲ್ಕು ಹಣತೆ ಇಟ್ಟು ಮೊದಲ ಭಾನುವಾರ ಒಂದು, ಎರಡನೆಯ ಭಾನುವಾರ ಎರಡು ಎಂದು ಹಚ್ಚುತ್ತಿದ್ದರು. ಸೀಮೆಎಣ್ಣೆಯ ಡಬ್ಬಿಯನ್ನು ಕೊಯ್ದು ಒಲೆ ಮಾಡಿ, ಕೆಳಗೂ ಮೇಲೂ ಕೆಂಡ ಹಾಕಿ ಏಲಕ್ಕಿ, ಬೆಲ್ಲದ ಬಿಸ್ಕೀಟು ಸುಡುತ್ತಿದ್ದರು. ಏಳು ಬಗೆ ಆಗಲೇಬೇಕಂತೆ. ಗೋದಿಹಿಟ್ಟು ಸಾಲದೆ ನಾಲ್ಕಕ್ಕೆ ನಿಂತರೆ, ಅದನ್ನೇ ಬೇರೆ ಬೇರೆ ಆಕಾರದಲ್ಲಿ ಕತ್ತರಿಸಿ ಏಳು ಎನ್ನುತ್ತಿದ್ದರು. ಅವರ ದೇಶದ ಹಬ್ಬದ ಗಿಡ ನಮ್ಮಲ್ಲಿ ಇಲ್ಲವಲ್ಲ, ಒಂದು ಜಾಲಿಯ ಟೊಂಗೆಯನ್ನು ಕಡಿಸಿ ತಂದು, ಅದರ ಒಂದೊಂದು ಮುಳ್ಳಿಗೂ ಹತ್ತಿ ಸಿಗಿಸುತ್ತಿದ್ದರು. ಅದು ಹಿಮವಂತೆ. ಸೂಲಗಿತ್ತಿ ಹತ್ತಿ ಸಿಗಿಸುತ್ತ, "ಬಾಯಾರ, ನಿಮ್ಮೂರಾಗ ಹತ್ತಿ ಆಕಾಶದಾಗಿಂದ ಬೀಳತೈತೇನ್ರಿ? ಬಿಡಸೂ ಕೂಲಿ ಉಳೀತು ನೋಡ್ರಿ!" ಎನ್ನುತ್ತಿದ್ದಳು. ದೊರೆಸಾನಿ ಕಣ್ಣಲ್ಲಿ ನೀರು ಬರುವವರೆಗೂ ನಗುತ್ತಿದ್ದರು.

ಹಬ್ಬದ ಮುಂಚಿನ ದಿನ ಸಿವುಡು ಕಟ್ಟುವುದು. ತೆನೆ ಸಮೇತ ಜೋಳದ ದಂಟನ್ನು ಹಿಡಿಕಟ್ಟು ಮಾಡಿದರೆ ಅದಕ್ಕೆ ನಾವು ಸಿವುಡು ಎನ್ನುತ್ತೇವೆ. ಅವರ ದೇಶದಲ್ಲಿ ಚಳಿಗಾಲಕ್ಕೆ ಭೂಮಿಯೆಲ್ಲ ಹಿಮದ ಕೆಳಗೆ ಹೋಗುತ್ತದೆ, ಹಕ್ಕಿಗಳಿಗೆ ಒಂದು ಕಾಳೂ ಸಿಗುವುದಿಲ್ಲ. ಅದಕ್ಕೆ ಹಬ್ಬದ ದಿನ ಮನುಷ್ಯ ಉಣ್ಣುವ ಮೊದಲು ಹಕ್ಕಿ ಉಣ್ಣಬೇಕು ಎಂದು ಮನೆಮನೆಯ ಮುಂದೆ ಒಂದು ಸಿವುಡನ್ನು ಗಳದ ತುದಿಗೆ ಕಟ್ಟಿ ನಿಲ್ಲಿಸುತ್ತಾರೆ. ದೊರೆಸಾನಿ ಇಲ್ಲಿಯೂ ಬಿಡಲಿಲ್ಲ. ಸೂಲಗಿತ್ತಿಯ ಅಣ್ಣನ ತುಂಡು ಹೊಲದಲ್ಲಿ ಬೆಳೆದ ಮುಂಗಾರಿ ಜೋಳದ ಒಂದು ಸಿವುಡನ್ನು ತರಿಸಿ, ಅಂಗಳದಲ್ಲಿ ಉದ್ದನೆಯ ಗಳ ನೆಟ್ಟು ಕಟ್ಟಿಸುತ್ತಿದ್ದರು.

ನಮ್ಮೂರಿಗೆ ಇದು ಹುಚ್ಚು. ಸರಿಯಾಗಿ ಅದೇ ಕಾಲಕ್ಕೆ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ತೆನೆ ಹಾಲುಗಾಳು ಕಟ್ಟಿರುತ್ತದೆ. ಗಂಡಸರು, ಹೆಂಗಸರು ಎಲ್ಲರೂ ಅಟ್ಟದ ಮೇಲೆ ನಿಂತು, ಕವಣೆ ಬೀಸಿ, ಗಂಟಲು ಹರಿಯುವಂತೆ ಕೂಗಿ ಹಕ್ಕಿ ಓಡಿಸುತ್ತಿರುತ್ತಾರೆ. "ನಾವು ಹೊಡದು ಓಡಸೂದು, ಈಕಿ ಕರದು ಉಣಸೂದು. ಛಲೋ ಐತಿ ಬಿಡ್ರಿ ಬೀಗತನ" ಎಂದು ಚಾವಡಿಯಲ್ಲಿ ನಗೆಯಾಡುತ್ತಿದ್ದರು. ಆದರೆ ಬರೀ ನಗೆ. ದೊರೆಸಾನಿಯಿಂದ ಬದುಕಿದ ಬಾಣಂತಿಯರು ಮನೆಗೊಬ್ಬರಿದ್ದರು.

ಒಮ್ಮೆ ನಾನು ಕೇಳಿದ್ದೆ, ಇಲ್ಲಿ ಹಿಮವಿಲ್ಲವಲ್ಲ, ಇಲ್ಲಿನ ಹಕ್ಕಿ ಹಸಿದಿಲ್ಲವಲ್ಲ ಎಂದು. ಅದು ಯುದ್ಧದ ಎರಡನೆಯ ಚಳಿಗಾಲ. ಜರ್ಮನಿಯವರು ಅವರ ದೇಶವನ್ನು ಹಿಡಿದುಕೊಂಡ ಮೇಲೆ ಕೊಪ್ಪಳದ ಟಪಾಲು ಕಚೇರಿಗೆ ಅವರ ಹೆಸರಿನ ಒಂದು ಕಾಗದವೂ ಬಂದಿರಲಿಲ್ಲ. ಅವರು, "ಅಲ್ಲಿ ನನ್ನ ತಾಯಿಗೆ ಈ ವರ್ಷ ಕಾಳು ಇದೆಯೋ ಇಲ್ಲವೋ. ಅವಳು ಕಟ್ಟದಿದ್ದರೆ? ಅದಕ್ಕೆ ನಾನು ಕಟ್ಟುತ್ತೇನೆ" ಎಂದರು. ನಾನು ತಲೆಯಾಡಿಸಿದೆ. ನನಗೆ ಅರ್ಥವಾಗಿತ್ತು. ಅರ್ಥವಾಗಿತ್ತು ಎಂಬುದನ್ನು ಇಲ್ಲಿ ಬರೆದಿಡಬೇಕು, ಯಾಕೆಂದರೆ ಮುಂದೆ ನಾನು ಮಾಡಿದ್ದು ತಿಳಿಯದೆ ಮಾಡಿದ್ದಲ್ಲ.

ಹಬ್ಬದ ದಿನ ಗಂಜಿಯ ಊಟ. ಹಾಲು, ಅಕ್ಕಿ, ಸಕ್ಕರೆ ಹಾಕಿ ಪಾಯಸಕ್ಕಿಂತ ಗಟ್ಟಿಯಾಗಿ ಕುದಿಸಿ, ಅದರಲ್ಲಿ ಒಂದೇ ಒಂದು ಬಾದಾಮಿ ಹಾಕುತ್ತಿದ್ದರು. ಮನೆಗೆ ದುಡಿಯುವವರೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಬಾದಾಮಿ ಯಾರ ಬಾಯಿಗೆ ಬರುತ್ತದೋ ಅವರಿಗೆ ಒಂದು ಉಡುಗೊರೆ. ಮೊದಲೆರಡು ವರ್ಷ ನಾನು ಟಪಾಲಿನ ನೆಪ ಹೇಳಿ ಕೊಪ್ಪಳಕ್ಕೆ ಹೋಗಿ ತಪ್ಪಿಸಿಕೊಂಡೆ. ಮೂರನೆಯ ವರ್ಷ ದೊರೆಸಾನಿ ಬಾಗಿಲಿಗೆ ಅಡ್ಡ ನಿಂತರು.

"ಇವತ್ತು ತಾವು ನಮ್ಮ ಮನೆಯವರು. ಕೂಡ್ರಿ."

ಸಾಲಿನಲ್ಲಿ ಸೂಲಗಿತ್ತಿ, ನೀರು ತರುವ ಮುದುಕ, ನಡುವೆ ನನಗೊಂದು ತಟ್ಟೆ. ಪಡಸಾಲೆಯಲ್ಲಿ ಔಷಧಿಗೆ ಬಂದ ಹತ್ತು ಹನ್ನೆರಡು ಜನ ನೋಡುತ್ತಿದ್ದರು.

"ನಂದು ಇವತ್ತು ಉಪಾಸ ಐತ್ರಿ" ಎಂದೆ.

"ನಿಮ್ಮ ಉಪವಾಸ ಸೋಮವಾರ. ಇವತ್ತು ಸೋಮವಾರ ಅಲ್ಲ. ಸುಳ್ಳು."

ಜನರ ಮುಂದೆ ಸುಳ್ಳುಗಾರ ಎಂದದ್ದಕ್ಕೆ ನನಗೆ ತಡೆಯಲಾಗಲಿಲ್ಲ. "ನಾ ಈಕಿ ಸಾಲಿನ್ಯಾಗ ಕೂಡೂದಿಲ್ರಿ" ಎಂದೆ.

ಸೂಲಗಿತ್ತಿ ತಟ್ಟೆ ಎತ್ತಿಕೊಂಡು ಏಳತೊಡಗಿದಳು. "ಇರ್ಲಿ ಬಿಡ್ರಿ ಬಾಯಾರ, ನಾ ಆಚಿ ಕುಂಡ್ರತೀನಿ. ಅವರು ಊರಾಗಿನ ಮಂದಿ." ದೊರೆಸಾನಿ ಅವಳ ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, ನಾನೇ ಕಲಿಸಿದ ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಹೇಳಿದರು. "ಹಾಗಾದರೆ ತಾವು ಆಚೆ ನಿಲ್ಲಿರಿ. ನನಗೆ ಓದಲು ತಾವು ಕಲಿಸಿದಿರಿ. ಉಣ್ಣಲು ತಾವು ಇವಳ ಹತ್ತಿರ ಕಲಿಯಿರಿ."

ಪಡಸಾಲೆಯಿಂದ ಯಾರೋ, "ಮಾಸ್ತರ ಗಂಜಿ ಪರೀಕ್ಷಾದಾಗ ನಾಪಾಸಾದ್ರಪೋ!" ಎಂದ. ಎಲ್ಲರೂ ನಕ್ಕರು. ನಾನು ಹೊರಗೆ ನಿಂತೆ. ಆ ವರ್ಷದ ಬಾದಾಮಿ ಸೂಲಗಿತ್ತಿಗೇ ಬಂತು. ಉಡುಗೊರೆಯೆಂದು ದೊರೆಸಾನಿ ತಾವೇ ಹೆಣೆದ ಉಣ್ಣೆಯ ಕೈಗವಸುಗಳನ್ನು ಕೊಟ್ಟರು. ಅವರ ದೇಶದಲ್ಲಿ ಚಳಿಗೆ ಕೈಗೆ ಹಾಕಿಕೊಳ್ಳುವಂಥವು. ಅವಳು ಅವನ್ನು ಹಾಕಿಕೊಂಡು ಒಲೆಯ ಮೇಲಿನ ಬಿಸಿ ಗಡಿಗೆ ಇಳಿಸಿದಳು.

ಆ ಸಿಟ್ಟನ್ನು ಒಂದು ವರ್ಷ ಸಾಕಿದೆ. ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ಒಳ್ಳೆಯದಿತ್ತು.

ಮರುವರ್ಷ ಊರಿನಲ್ಲಿ ಕಾಳಿನ ತ್ರಾಸು. ಯುದ್ಧಕ್ಕೆಂದು ಸರಕಾರ ಲೇವಿ ಹಾಕಿ ಮುಂಗಾರಿಯ ಜೋಳವನ್ನು ಎತ್ತಿಕೊಂಡು ಹೋಗಿತ್ತು. ಉಳಿದದ್ದು ಹಿಂಗಾರಿ ಜೋಳದ ಆಸೆ. ಅದರ ಮೇಲೆ ಎಂದೂ ಕಾಣದಷ್ಟು ಗುಬ್ಬಿ, ಗಿಣಿ, ಬೆಳವ ಬಂದು ಇಳಿದವು. ಹಿರಿಯರು ಕೂಡಿ ಊರಿಗೆ ವಾರ ಹಿಡಿದರು. ಊರಿಗೆ ಏನಾದರೂ ಕಾಟ ಬಂದರೆ ಐದು ಮಂಗಳವಾರ ಕೆಲವು ಕಟ್ಟುಗಳನ್ನು ಪಾಲಿಸಿ ದೇವಿಗೆ ನಡೆದುಕೊಳ್ಳುವುದು ನಮ್ಮಲ್ಲಿ ರೂಢಿ. ಈ ಸಲದ ಕಟ್ಟು ಇದು: ಐದನೆಯ ಮಂಗಳವಾರದ ತನಕ ಯಾರೂ ಬಯಲಿಗೆ ಒಂದು ಕಾಳೂ ಚೆಲ್ಲಬಾರದು, ಅಂಗಳದಲ್ಲಿ ಕೇರಬಾರದು, ಕೋಳಿಗೂ ಮನೆಯೊಳಗೇ ಹಾಕಬೇಕು. ಹಾಗೆ ಮಾಡಿದರೆ ದೇವಿ ಹಕ್ಕಿಯ ಬಾಯಿ ಕಟ್ಟುತ್ತಾಳೆ. ಒಬ್ಬರು ಚೆಲ್ಲಿದರೂ ಎಲ್ಲರ ನೇಮ ಕೆಟ್ಟಂತೆ.

ಮೂರು ವಾರ ಮುಗಿದಿದ್ದವು. ದೊಡ್ಡಪ್ಪ ನನ್ನನ್ನು ಕರೆದು ಕೇಳಿದ.

"ತಮ್ಮಾ, ನಿಮ್ಮ ದೊರಸಾನಿ ಹಬ್ಬ ಎಂದೈತಿ?"

"ಇನ್ನ ಮೂರು ದಿನಕ್ಕ, ದೊಡ್ಡಪ್ಪ."

"ಈ ವರ್ಷ ಆ ಸಿವುಡ ಕಟ್ಟೂದು ಬ್ಯಾಡ ಅಂತ ಹೇಳು. ವಾರ ಬಿಟ್ಟ ಮ್ಯಾಲೆ ಬೇಕಾದ್ರ ನಾನ ಒಂದು ಹೊರಿ ಕೊಡ್ತೀನಿ, ಕಟ್ಟಿಕೊಳ್ಳಲಿ. ನಯವಾಗಿ ಹೇಳು ಮತ್ತ. ಆಕಿ ನಮ್ಮ ಹೆಣ್ಮಕ್ಕಳಿಗೆ ಬೇಕು."

ದೊಡ್ಡಪ್ಪ ಹೇಳಿದ ಮಾತು ಇಷ್ಟೆ. ಅದರಲ್ಲಿ ಹಟವಿರಲಿಲ್ಲ, ದ್ವೇಷವಿರಲಿಲ್ಲ. ನಾನು ಹೇಳಿದ್ದರೆ ದೊರೆಸಾನಿ ಅರ್ಧ ಗಂಟೆ ವಾದ ಮಾಡಿ, ಬಾಗಿಲಿಗೆ ಹಣೆ ಬಡಿದುಕೊಂಡು, ಒಪ್ಪುತ್ತಿದ್ದರು.

ಹೇಳುವುದಕ್ಕೆಂದೇ ಹೋದೆ. ಡಬ್ಬಿಯ ಒಲೆಯ ಮುಂದೆ ಇಬ್ಬರೂ ಕೂತಿದ್ದರು. ದೊರೆಸಾನಿಯವರ ಮೂಗಿಗೆ ಹಿಟ್ಟು ಹತ್ತಿತ್ತು. ನನ್ನನ್ನು ಕಂಡು ದೊರೆಸಾನಿ ನಗುತ್ತ, "ಬನ್ನಿ ಮುನ್ಶಿಗಳೇ. ಈ ವರ್ಷ ಒಳಗೆ ಕೂಡುತ್ತೀರೋ, ಆಚೆ ನಿಲ್ಲುತ್ತೀರೋ?" ಎಂದರು. ಅದು ಚುಚ್ಚಲು ಆಡಿದ ಮಾತಲ್ಲ, ಒಳಗೆ ಕರೆಯಲು ಆಡಿದ ಮಾತು. ಇವತ್ತಿಗೆ ಗೊತ್ತು. ಅವತ್ತು ಸೂಲಗಿತ್ತಿ ಸೆರಗು ಬಾಯಿಗೆ ಹಿಡಿದು ನಕ್ಕದ್ದಷ್ಟೇ ಕಂಡಿತು.

ಆಮೇಲೆ ಅವಳು ನಗು ನಿಲ್ಲಿಸಿ ಕೇಳಿದಳು. "ಮಾಸ್ತರ, ಊರಾಗ ವಾರ ಹಿಡದಾರಲ್ರಿ. ಬಾಯಾರು ಸಿವುಡ ತಾ ಅಂದಾರ. ನನಗ ಎದಿ ಢವಢವ ಅಂತೈತಿ. ಗೌಡ್ರು ಏನರ ಅಂದ್ರೇನ್ರಿ?"

"ಅಂದಾರ" ಎಂದೆ. "ದೊರಸಾನಿಯವರದು ಬ್ಯಾರೆ ದೇವರು, ಅವರಿಗೆ ಈ ವಾರದ ಕಟ್ಟಿಲ್ಲ ಅಂದಾರ. ಸಿವುಡ ಕಟ್ಟು."

"ಖರೇನ್ರಿ?"

"ನಾ ಏನು ಸುಳ್ಳ ಹೇಳತೀನೇನ?"

"ಅಯ್ಯ, ಹಂಗಲ್ರಿ ಯಪ್ಪಾ" ಎಂದು ಅವಳು ನಾಲಿಗೆ ಕಚ್ಚಿಕೊಂಡಳು. ದೊರೆಸಾನಿ ಒಂದು ಬಿಸ್ಕೀಟನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ದಾರಿಯಲ್ಲಿ ಅದನ್ನು ತಿಂದೆ. ರುಚಿಯಾಗಿತ್ತು.

ಸಂಜೆ ದೊಡ್ಡಪ್ಪ ಕೇಳಿದಾಗ, "ಇಬ್ಬರಿಗೂ ಹೇಳೀನಿ. ಆಕಿ ಏನೂ ಮಾತಾಡಲಿಲ್ಲ" ಎಂದೆ. ದೊರೆಸಾನಿಗೆ ಊರಿನವರಿಂದ ನಾಲ್ಕು ಮಾತು ಬೀಳಲಿ, ಮುಖ ಇಳಿಯಲಿ, ಇಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಮೆಟ್ರಿಕ್ ಓದಿದವನಿಗೆ ಊರು ಬಿಳಿಯ ತೊಗಲಿನವರನ್ನು ಮುಟ್ಟುವುದಿಲ್ಲ, ಸರಕಾರಕ್ಕೆ ಹೆದರುತ್ತದೆ, ಯಾರನ್ನು ಮುಟ್ಟಬಹುದೋ ಅವರನ್ನು ಮುಟ್ಟುತ್ತದೆ ಎಂಬುದು ತಿಳಿಯದೆ ಇದ್ದೀತೇ?

ಸಿವುಡು ಏರಿದ ಬೆಳಿಗ್ಗೆ ಮೊದಲು ಗುಬ್ಬಿಗಳು ಬಂದವು. ಹೊತ್ತು ಮಾರು ಏರುವುದರೊಳಗೆ ಗಿಣಿಗಳ ಹಿಂಡು ಬಂದು ಗಳ ಬಾಗುವಷ್ಟು ಮುತ್ತಿದವು. ತೆನೆ ಬರಿದಾದ ಮೇಲೆ ಎದ್ದು, ಒಂದು ಸುತ್ತು ಹಾಕಿ, ಪಕ್ಕದಲ್ಲೇ ಇದ್ದ ದೊಡ್ಡಪ್ಪನ ಹೊಲಕ್ಕೆ ಇಳಿದವು. ಊರೆಲ್ಲ ನೋಡಿತು. ಮೂರು ವಾರದ ನೇಮ ಮಣ್ಣುಪಾಲಾಯಿತು ಎಂದು ಹೆಂಗಸರು ಬಾಯಿ ಬಡಿದುಕೊಂಡರು. ಮಧ್ಯಾಹ್ನದೊಳಗೆ ಚಾವಡಿಯ ಮುಂದೆ ಜನ ಸೇರಿ, ಸೂಲಗಿತ್ತಿಯನ್ನು ಎಳೆದು ತಂದು ನಿಲ್ಲಿಸಿದರು. ಸಿವುಡು ತಂದವಳು ಅವಳು, ಗಳಕ್ಕೆ ಕಟ್ಟಿದವಳು ಅವಳು.

"ಮಾಸ್ತರು ಗೌಡ್ರು ಒಪ್ಯಾರ ಅಂದ್ರು. ಅದಕ್ಕ ಕಟ್ಟೀನ್ರಿ" ಎಂದಳು.

ದೊಡ್ಡಪ್ಪ ನನ್ನ ಕಡೆ ನೋಡಿದ. "ಏನೋ ತಮ್ಮಾ?"

"ಸುಳ್ಳು. ನಾ ಬ್ಯಾಡ ಅಂತ ಇಬ್ಬರಿಗೂ ಹೇಳೀನಿ."

ಅವಳು ಒಂದು ಹೆಜ್ಜೆ ನನ್ನ ಕಡೆಗೆ ಬಂದಳು. ಯಾರೋ ಹಿಂದಕ್ಕೆ ಎಳೆದರು. ಎರಡೂ ಕೈ ಮುಂದೆ ಚಾಚಿ, "ಯಪ್ಪಾ, ನಿಮ್ಮ ಹೊಕ್ಕಳಾ ಕೊಯ್ದ ಕೈ ಇವು. ನಿಮ್ಮ ಮ್ಯಾಲೆ ಸುಳ್ಳ ಹೇಳತಾವೇನ್ರಿ? ಒಂದು ಮಾತು ಖರೇ ಹೇಳ್ರಿ. ನನ್ನ ಆಯ ಹೋಗತೈತ್ರಿ, ಮೂರು ಮಕ್ಕಳದಾವ" ಎಂದಳು.

ಅಷ್ಟರಲ್ಲಿ ದೊರೆಸಾನಿ ಬಂದರು. ಬಿಸಿಲಲ್ಲಿ ಓಡಿ ಬಂದು ಮುಖ ಕೆಂಡವಾಗಿತ್ತು. ಅವಳ ಪಕ್ಕ ನಿಂತು, "ಇವಳು ಹೇಳುವುದು ಸತ್ಯ. ನಾನು ಅಲ್ಲಿ ಕೂತಿದ್ದೆ. ಮುನ್ಶಿಗಳೇ, ಹೇಳಿರಿ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಪಾಠ ಮರೆತ ವಿದ್ಯಾರ್ಥಿಗೆ ನೆನಪು ಮಾಡಿಕೊಡುವಂತೆ ಹೇಳಿದರು.

ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು. ಒಂದು ಮಾತು ಸಾಕಿತ್ತು. ದೊಡ್ಡಪ್ಪ ನನ್ನನ್ನು ಎರಡು ಏಟು ಹೊಡೆಯುತ್ತಿದ್ದ, ಜನ ನಾಲ್ಕು ದಿನ ನಗುತ್ತಿದ್ದರು, ಅಷ್ಟೇ ಆಗುತ್ತಿದ್ದದ್ದು. ನಾನು, "ನಾ ಹೇಳಿದ್ದು ಹೇಳೀನ್ರಿ. ಇನ್ನ ನಿಮಗ ಬಿಟ್ಟದ್ದು" ಎಂದೆ.

ತೀರ್ಮಾನಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸೂಲಗಿತ್ತಿಗೆ ಯಾವ ಕಣದಲ್ಲೂ ಆಯ ಇಲ್ಲ. ಯಾರೂ ಅವಳನ್ನು ಹೆರಿಗೆಗೆ ಕರೆಯಬಾರದು. ಅವಳು ಅಲ್ಲಿ ಇರುವ ತನಕ ಊರಿನವರು ಯಾರೂ ದವಾಖಾನೆಯ ಮೆಟ್ಟಿಲು ಹತ್ತಬಾರದು. ದೊರೆಸಾನಿಗೆ ಮಾತ್ರ ಕೈಮುಗಿದು, "ತಾವು ದೊಡ್ಡವರು, ತಮಗೇನೂ ಅನ್ನೂದಿಲ್ರಿ. ಬ್ಯಾರೆ ಆಳು ಇಟ್ಟುಕೊಳ್ರಿ" ಎಂದರು. ದೊರೆಸಾನಿ ಬೇರೆ ಆಳು ಇಟ್ಟುಕೊಳ್ಳಲಿಲ್ಲ. ಒಂದು ತಿಂಗಳು ಖಾಲಿ ಪಡಸಾಲೆಯಲ್ಲಿ ಕೂತರು. ಆಮೇಲೆ ಎರಡು ಚಕ್ಕಡಿ ಹೇಳಿ, ಔಷಧಿಯ ಪೆಟ್ಟಿಗೆಗಳನ್ನೂ ಸೂಲಗಿತ್ತಿಯನ್ನೂ ಅವಳ ಮಕ್ಕಳನ್ನೂ ಹತ್ತಿಸಿಕೊಂಡು ಗಂಗಾವತಿಗೆ ಹೊರಟುಹೋದರು. ಆ ಮುಂದಿನ ಮಳೆಗಾಲದಲ್ಲಿ ನಮ್ಮೂರಿನಲ್ಲಿ ಇಬ್ಬರು ಬಾಣಂತಿಯರು ಸತ್ತರು. ದೇವಿಯ ಮುನಿಸು ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮೂರು ವರ್ಷದ ಮೇಲೆ, ಯುದ್ಧ ಮುಗಿದ ಚಳಿಗಾಲದಲ್ಲಿ, ದೊರೆಸಾನಿಗೆ ಕಾಯಿಲೆ ಎಂದು ಕೇಳಿ ಗಂಗಾವತಿಗೆ ಹೋದೆ. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದ ಮೋಟಾರಿನಲ್ಲಿ, ದಾರಿಯುದ್ದಕ್ಕೂ ಕೆಮ್ಮುತ್ತ. ಗದ್ದೆಗಳ ಅಂಚಿನ ಮನೆ. ಸೊಳ್ಳೆಯ ಸೀಮೆ, ಚಳಿಜ್ವರ ಅವರನ್ನು ಹಣ್ಣು ಮಾಡಿತ್ತು. ಮೂಗೊಂದೇ ಉಳಿದಿತ್ತು. ಮಂಚದ ಪಕ್ಕ ನೆಲದ ಮೇಲೆ ಕೂತು, ದಾರಿಯಲ್ಲಿ ಹತ್ತು ಸಲ ಹೊಂದಿಸಿಕೊಂಡ ಮಾತುಗಳನ್ನು ಹೇಳಿದೆ. ತಪ್ಪಾಯಿತು, ನಾನು ಸುಳ್ಳು ಹೇಳಿದೆ, ಕ್ಷಮಿಸಬೇಕು. ಅತ್ತೆ ಕೂಡ. ದೊರೆಸಾನಿ ಕಣ್ಣು ಮುಚ್ಚಿ ಕೇಳಿದರು. ಅಷ್ಟರಲ್ಲಿ ಸೂಲಗಿತ್ತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ನನಗೆಂದು ತಂದ ನೀರಿನ ತಂಬಿಗೆ.

ದೊರೆಸಾನಿ ಕಣ್ಣು ತೆರೆದರು. "ನನ್ನ ಹತ್ತಿರ ಕೇಳುವುದು ನಿಮಗೆ ಸುಲಭ. ನನ್ನ ಅನ್ನ ಹೋಗಲಿಲ್ಲ. ಅಕಿ ಅದಾಳಲ್ಲ ಅಲ್ಲಿ. ಅಕಿನ್ನ ಕೇಳ್ರಿ."

ನಾನು ತಲೆ ಎತ್ತಿದೆ. ಅವಳು ಕಾದಳು. ಸುಳ್ಳಲ್ಲ, ಅವಳು ನಿಜವಾಗಿ ಕಾದಳು. ಬಿಳಿಯವರ ಮುಂದೆ ಸಲೀಸಾಗಿ ಬಂದ ಮಾತು ಅವಳ ಮುಂದೆ ಹೊರಡಲಿಲ್ಲ. ಹೊರ ಕೇರಿಯವಳ ಮುಂದೆ ನಾನು ಕೈಮುಗಿಯುವುದೇ? ಆಗ ಹಾಗೆಯೇ ಅನಿಸಿತು, ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಅವಳೇ ಕೊನೆಗೆ, "ನೀರರ ಕುಡೀರಿ ಮಾಸ್ತರ, ದೂರದಿಂದ ಬಂದೀರಿ" ಎಂದು ತಂಬಿಗೆಯನ್ನು ನನ್ನ ಮುಂದಿಟ್ಟು ಒಳಗೆ ಹೋದಳು. ನಾನು ಆ ನೀರನ್ನೂ ಕುಡಿಯಲಿಲ್ಲ. ಮೋಟಾರಿಗೆ ಹೊತ್ತಾಯಿತು ಎಂದು ಎದ್ದೆ. ದೊರೆಸಾನಿ ಗೋಡೆಯ ಕಡೆ ಹೊರಳಿಕೊಂಡರು. ಅವರು ನನ್ನ ಮುಖ ನೋಡಿದ್ದು ಅದೇ ಕೊನೆ. ಯುಗಾದಿಯ ಮೊದಲು ತೀರಿಕೊಂಡರು. ಮಣ್ಣು ಮಾಡಿದವರು ಸೂಲಗಿತ್ತಿ ಮತ್ತು ಅವಳ ಮಕ್ಕಳು ಎಂದು ಕೇಳಿದೆ.

ಆಮೇಲೆ ಅವಳನ್ನು ಒಂದೇ ಸಲ ಕಂಡದ್ದು. ಎಷ್ಟೋ ವರ್ಷಗಳ ಮೇಲೆ, ಗಂಗಾವತಿಯ ಬಸ್ಸು ನಿಲ್ದಾಣದಲ್ಲಿ ಬುಟ್ಟಿಯಲ್ಲಿ ಆನೆಗೊಂದಿಯ ಬಾಳೆಹಣ್ಣು ಇಟ್ಟುಕೊಂಡು ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳೇ ಗುರುತು ಹಿಡಿದಳು.

"ಮಾಸ್ತರಲ್ರಿ? ಆರಾಮ ಅದೀರೇನ್ರಿ? ಅವ್ವಾರು ಹೆಂಗದಾರ?"

"ಆರಾಮ" ಎಂದೆ. ಅವ್ವ ಸತ್ತು ಹತ್ತು ವರ್ಷವಾಗಿತ್ತು, ಅದನ್ನೂ ಹೇಳಲಿಲ್ಲ. ಬಸ್ಸು ಇನ್ನೂ ಬಹಳ ಹೊತ್ತು ನಿಂತಿತ್ತು. ನಾನು ಹತ್ತಿ, ಅವಳು ಕಾಣದ ಕಡೆಯ ಕಿಟಕಿಗೆ ಹೋಗಿ ಕೂತೆ.

ಈಗ ಅವಳೂ ಇಲ್ಲ. ಊರಿನವರು ದೊರೆಸಾನಿಗೆ ಫೋಟೋ ಹಾಕಿಸುತ್ತಾರೆ, ಹಾರ ಹಾಕುತ್ತಾರೆ, ಭಾಷಣ ಮಾಡುತ್ತಾರೆ. ಅವರ ಋಣ ದೊಡ್ಡದು, ಆದರೆ ಅವರ ಮುಂದೆ ನಾನು ಅತ್ತಾದರೂ ಬಂದಿದ್ದೇನೆ. ನಾನು ಕ್ಷಮೆ ಕೇಳದೆ ಉಳಿದದ್ದು ಇನ್ನೊಬ್ಬಳನ್ನು. ಆ ಸಭೆಯಲ್ಲಿ ಯಾರ ಬಾಯಲ್ಲೂ ಅವಳು ಬರಲಿಲ್ಲ, ಇಷ್ಟು ಪುಟ ಬರೆದ ನನ್ನ ಕೈಯಲ್ಲೂ ಅವಳು ಬರೀ ಸೂಲಗಿತ್ತಿಯಾಗಿಯೇ ಬಂದಳು. ಅವಳಿಗೆ ಹೆಸರಿತ್ತು. ಹುಲಿಗೆವ್ವ.